ಕಲ್ಲಯ್ಯನವರ ಸೌಟಿನ ಎಣ್ಣೆ

ತಾರಾಬಾಯಿಯವರು ಕಲ್ಲಯ್ಯನವರನ್ನು ಮೊದಲು ಕಂಡದ್ದು ಮಾಘ ಮಾಸದ ಒಂದು ಬೆಳಿಗ್ಗೆ, ಖಾನಾಪುರದಲ್ಲಿ. ಸ್ಟೇಶನ್ ರಸ್ತೆಯ ಒಂದು ಮನೆಯ ಮುಂದೆ, ಬಟ್ಟೆ ಒಣಹಾಕುವ ತಂತಿಯ ಮೇಲೆ ಬಟ್ಟೆಯ ಬದಲು ಗೇಣುದ್ದದ ಕಟ್ಟಿಗೆಯ ಪಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಒಟ್ಟು ಹದಿನಾಲ್ಕು. ಪ್ರತಿಯೊಂದರ ತುದಿಗೂ ಒಂದು ದಾರ, ದಾರದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಅಂಕಿ. ಹಣೆಗೆ ವಿಭೂತಿ ಹಚ್ಚಿದ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹಿರಿಯರೊಬ್ಬರು ಒಂದೊಂದೇ ಪಟ್ಟಿಯನ್ನು ಮೂಗಿಗೆ ಹಿಡಿದು ವಾಸನೆ ನೋಡಿ, ಹಳೆಯ ಡೈರಿಯಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರು.

ತಾರಾಬಾಯಿಯವರ ಪತಿ ಬಾಪುಸಾಹೇಬರು ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳುಕಡಿಯ ಸಗಟು ವ್ಯಾಪಾರಿಗಳು. ಬೀಗರ ಮನೆಯ ಕಾರ್ಯ ಮುಗಿಸಿಕೊಂಡು ಇಬ್ಬರೂ ರೈಲಿಗೆಂದು ಹೊರಟಿದ್ದರು. ಹಾದಿಯಲ್ಲಿ ಕಂಡವರನ್ನೆಲ್ಲ ಮಾತನಾಡಿಸುವುದು ಬಾಪುಸಾಹೇಬರ ಚಟ.

“ಏನ್ರೀ ಅಯ್ಯನವರ, ಕಟ್ಟಿಗಿ ಹಪ್ಪಳ ಒಣಗಿಸಾಕ ಹತ್ತೀರೇನು?”

“ಹೌದ್ರೀ ಸಾವಕಾರ,” ಎಂದರು ಕಲ್ಲಯ್ಯನವರು, ಡೈರಿಯಿಂದ ಕಣ್ಣೆತ್ತದೆ. “ಬರ್ರಿ, ಕರಿದು ಕೊಡ್ತೇನಿ. ಹಲ್ಲು ಗಟ್ಟಿ ಅದಾವೋ ಇಲ್ಲೋ ಮೊದಲ ನೋಡ್ಕೊರಿ.”

ಬಾಪುಸಾಹೇಬರು ಗಹಗಹಿಸಿ ನಕ್ಕರು. ಒಳಗಿನಿಂದ ಕಲ್ಲಯ್ಯನವರ ಹೆಂಡತಿ ನಿಂಗವ್ವನ ದನಿ ಬಂತು: “ಯಾರರ ಬಂದ್ರೇನ್ರೀ? ಕುಂದ್ರಸ್ರಿ ಅವರನ್ನ. ಆ ಪಟ್ಟಿ ಮೂಸೂದು ಒಂದೀಟು ಬಿಡ್ರಿ. ಮೂಸಿ ಮೂಸಿ ಮೂಗು ಸವದೀತು!”

ರೈಲಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ನಿಂಗವ್ವ ತಂದ ನೀರನ್ನು ತಾರಾಬಾಯಿಯವರು ಕೈಮುಗಿದು ಬೇಡವೆಂದರು. ಮನೆಯಲ್ಲಿ ಸೋಸಿದ ನೀರನ್ನಲ್ಲದೆ ಬೇರೆ ಕಡೆ ನೀರು ಕುಡಿಯುವುದಿಲ್ಲವೆಂಬ ನೇಮ ಅವರಿಗೆ ಹನ್ನೊಂದು ವರ್ಷಗಳಿಂದ ಇತ್ತು. ಅವರ ಕಣ್ಣು ಕಟ್ಟೆಯ ಮೂಲೆಯಲ್ಲಿದ್ದ ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿ ಹಲಸಿನ ಕಟ್ಟಿಗೆಯ ಸೌಟುಗಳಿದ್ದವು. ಒಂದನ್ನು ಎತ್ತಿ ಬೆರಳ ಮೇಲೆ ಅಡ್ಡಲಾಗಿ ಇಟ್ಟು ನೋಡಿದರು. ಅದು ಯಾವ ಕಡೆಗೂ ವಾಲದೆ ನಿಂತಿತು.

“ತೂಕ ಛಲೋ ಅದ್ರೀ. ಮಾರಾಟಕ್ಕೇನು?”

“ಇನ್ನೂ ಇಲ್ರೀ ಅಕ್ಕಾರ. ಸೌಟು ಆಗ್ಯಾವು, ಅದಕ್ಕ ಹಚ್ಚೂ ಎಣ್ಣಿ ಆಗಿಲ್ಲ. ಯಾವ ಎಣ್ಣಿ ಹಚ್ಚಬೇಕನ್ನೂದ ಈ ಪಟ್ಟಿಗೋಳ ಜಗಳ.”

“ಎಣ್ಣಿ ಹಚ್ಚೂದರ ಯಾಕ ಬೇಕ್ರೀ?”

“ಹಚ್ಚಲಿಲ್ಲಂದ್ರ ಕಟ್ಟಿಗಿ ಸಾರು ಕುಡೀತೈತ್ರಿ. ಅರಿಶಿಣ ಹಿಡದು, ಆರು ತಿಂಗಳಿಗೆ ಸೀಳತೈತಿ. ಹಚ್ಚಿದ್ದ ಎಣ್ಣಿ ಒಣಗಲಿಲ್ಲಂದ್ರ ಅದು ಬ್ಯಾರೇ ಫಜೀತಿ.” ಕೇಳುವವರೊಬ್ಬರು ಸಿಕ್ಕಂತಾಗಿ, ಕಲ್ಲಯ್ಯನವರು ಒಂದೊಂದೇ ಪಟ್ಟಿಯ ಪರಿಚಯ ಮಾಡಿಕೊಟ್ಟರು. ಒಂಬತ್ತು ಮತ್ತು ಹತ್ತನೆಯ ಪಟ್ಟಿಗಳ ಬಳಿ ಬಂದಾಗ ಅವರ ದನಿಯೇ ಬದಲಾಯಿತು. “ಇವ ನೋಡ್ರಿ, ಎಣ್ಣಿಗೆ ಜೇನುಮೇಣ ಕೂಡಿಸಿದ್ದು. ಹೊಳಪು ಹೆಂಗೈತಿ! ಕೈಯಾಗ ರೇಷ್ಮಿ ಹಿಡದಂಗ.”

ತಾರಾಬಾಯಿಯವರು ಹಿಡಿದ ಸೌಟನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟರು.

“ಅಯ್ಯನವರ, ನಾವು ಜೈನರು. ಜೇನು ನಾವು ಬಾಯಿಗೆ ಹಚ್ಚೂದಿಲ್ಲ. ಮೇಣಾನೂ ಆ ಹುಳದ್ದ ಅಲ್ರೀ?”

ಕಲ್ಲಯ್ಯನವರು ತಂತಿಯ ಬಳಿ ಹೋಗಿ ಒಂಬತ್ತನೆಯ ಪಟ್ಟಿಯ ದಾರ ಬಿಚ್ಚಿದರು, ಹತ್ತನೆಯದನ್ನೂ ಬಿಚ್ಚಿದರು. ಎರಡನ್ನೂ ಕಟ್ಟೆಯ ಕೆಳಗಿನ ಸೌದೆಯ ರಾಶಿಗೆ ಸೇರಿಸಿ ಬಂದು ಕುಳಿತರು.

“ಹನ್ನೆರಡ ಉಳದುವು,” ಎಂದರು.

ಆ ಎರಡು ದಾರ ಬಿಚ್ಚಿದ್ದನ್ನು ಕಂಡೇ ತಾರಾಬಾಯಿಯವರಿಗೆ ಇವರ ಮೇಲೆ ನಂಬಿಕೆ ಹುಟ್ಟಿದ್ದು. ಅಲ್ಲಿಯೇ ಕುಳಿತು ತಮ್ಮ ಅಗತ್ಯ ಹೇಳಿದರು. ಬರುವ ಆಷಾಢದಲ್ಲಿ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆ ಬೆಳಗಾವಿಗೆ ಬರಲಿದ್ದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಆಹಾರ ಸ್ವೀಕರಿಸುವವರು. ನಿಷಿದ್ಧವಾದದ್ದೇನಾದರೂ ಅದರಲ್ಲಿ ಸೇರಿದ್ದು ತಿಳಿದರೆ ಅಲ್ಲಿಗೇ ಕೈಬಿಡುವರು. ಮರುದಿನದವರೆಗೆ ಹನಿ ನೀರೂ ಇಲ್ಲ. ಅವರಿಗೆ ಆಹಾರ ಸಿದ್ಧಪಡಿಸುವ ಶುದ್ಧವಾದ ಅಡುಗೆಮನೆಗೆ ಚೌಕಾ ಎನ್ನುತ್ತಾರೆ. ಆ ವರ್ಷ ತಾರಾಬಾಯಿಯವರು ತಮ್ಮ ಮನೆಯಲ್ಲಿ ಚೌಕಾ ಹೂಡುವವರಿದ್ದರು. ಅತ್ತೆಯವರ ಕಾಲದ ಹಿತ್ತಾಳೆ ಪಾತ್ರೆಗಳಿಗೆ ಹೊಸದಾಗಿ ಕಲಾಯಿ ಹಾಕಿಸಿದ್ದರು. ಸ್ಟೀಲಿನ ಸೌಟು ಕಲಾಯಿಯನ್ನು ಕೆರೆಯುತ್ತದೆ. ಅದಕ್ಕೆ ಕಟ್ಟಿಗೆಯದೇ ಬೇಕಾಗಿತ್ತು.

“ಒಂಬತ್ತು ಸೌಟು ಮಾಡಿಕೊಡ್ರಿ. ಏನ ಹಚ್ಚೀರಿ ಅಂತ ನಾ ಬಿಚ್ಚಿ ನೋಡಾಕ ಬರೂದಿಲ್ಲ. ನಿಮ್ಮ ಮಾತಿನ ಮ್ಯಾಲ ಒಲಿ ಮುಂದ ಇಟ್ಕೊಂತೇನಿ.”

“ಎಣ್ಣಿ ಬಿಟ್ಟು ಬ್ಯಾರೆ ಏನೂ ಇರೂದಿಲ್ರೀ ಅಕ್ಕಾರ,” ಎಂದರು ಕಲ್ಲಯ್ಯನವರು.

ಕೊಟ್ಟದ್ದು ಇಷ್ಟೇ ಮಾತು.

*

ಕಲ್ಲಯ್ಯ ಹಿರೇಮಠರು ಸೌಟು ಮಾಡುವ ಮನೆತನದವರಲ್ಲ. ಅವರ ತಂದೆಗೆ ಮಗ ಮಠದ ಪೂಜೆ ನೋಡಿಕೊಂಡಿರಲಿ ಎಂಬ ಆಸೆಯಿತ್ತು. ಮಗ ಹತ್ತೊಂಬತ್ತನೆಯ ವಯಸ್ಸಿಗೆ ಬೆಳಗಾವಿಗೆ ಹೋಗಿ, ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಕಟ್ಟಿಗೆಯ ಕೆಲಸಕ್ಕೆ ಸೇರಿಕೊಂಡ. ಕಬ್ಬಿಣ ಕರಗಿಸುವಲ್ಲಿ ಕಟ್ಟಿಗೆಯ ಕೆಲಸವೇನು ಎಂದು ಕೇಳುವವರಿಗೆ ಅವರು ಇಂದಿಗೂ ಬೇಸರವಿಲ್ಲದೆ ವಿವರಿಸುತ್ತಾರೆ. ಪಂಪಿನ ಒಂದು ಭಾಗವನ್ನು ಎರಕ ಹೊಯ್ಯಬೇಕಾದರೆ ಮೊದಲು ಅದನ್ನು ಕಟ್ಟಿಗೆಯಲ್ಲಿ ಮಾಡಬೇಕು. ಅದೇ ಪ್ಯಾಟರ್ನು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಮೂಡುತ್ತದೆ. ಆ ಗುಳಿಗೆ ಕಾದ ಕಬ್ಬಿಣವನ್ನು ಹೊಯ್ಯುತ್ತಾರೆ. ಕಟ್ಟಿಗೆ ಹೇಗಿದೆಯೋ ಕಬ್ಬಿಣ ಹಾಗೆ.

ಅಲ್ಲಿನ ಹಿರಿಯ ಮಿಸ್ತ್ರಿ ತಮ್ಮಣ್ಣ ಎಂಬವರು ಇವರಿಗೆ ಕಲಿಸಿದವರು. ಮೊದಲ ದಿನವೇ ಒಂದು ಉಂಡೆ ಜೇನುಮೇಣವನ್ನು ಇವರ ಎಡಗೈಯಲ್ಲಿಟ್ಟು, “ಕಟ್ಟಿಗ್ಯಾಗ ಸೂಜಿ ಮೊನಿಯಷ್ಟು ತೂತಿದ್ರೂ ನಿನಗ ಕಾಣೂದಿಲ್ಲ, ಮರಳಿಗೆ ಕಾಣತೈತಿ. ತೂತು ಸಿಕ್ಕಲ್ಲಿ ಮೇಣ ಒತ್ತು. ವಿಚಾರ ಮಾಡಬ್ಯಾಡ, ಒತ್ತು,” ಎಂದಿದ್ದರು. ಕಲ್ಲಯ್ಯನವರು ಮೂವತ್ತೊಂಬತ್ತು ವರ್ಷ ವಿಚಾರ ಮಾಡದೆ ಒತ್ತಿದರು. ಬಲಗೈ ಉಜ್ಜುತ್ತ ಹೋಗುವುದು. ಎಡಗೈ ಹೆಬ್ಬೆರಳು ಅದರ ಹಿಂದೆಯೇ ತಡವುತ್ತ ಬರುವುದು. ಎಲ್ಲಾದರೂ ರಂಧ್ರ ತಾಗಿದರೆ ಚಿಟಿಕೆ ಮೇಣ ಅಲ್ಲಿ ಕುಳಿತಾಯಿತು. ಊಟ ಮಾಡುವಾಗ ಅನ್ನ ಕಲಸಿದಷ್ಟೇ ಸಹಜ.

ಮುಂದೆ ಪ್ಯಾಟರ್ನುಗಳನ್ನು ಯಂತ್ರವೇ ಕೊರೆಯತೊಡಗಿತು. ಕಲ್ಲಯ್ಯನವರು ನಿವೃತ್ತರಾಗಿ ಖಾನಾಪುರಕ್ಕೆ ಬಂದರು. ಉಳಿ, ಕತ್ತಿ, ಅರಗಳ ಜೊತೆಗೆ ಮೇಣದ ಡಬ್ಬಿಯೂ ಬಂತು. ಕಟ್ಟೆಯ ಮೇಲೆ ಕೆಲಸದ ಮಣೆ ಹಾಕಿದಾಗ ಡಬ್ಬಿ ಮೊದಲಿದ್ದಂತೆ ಎಡಬದಿಗೇ ಕುಳಿತಿತು.

ಸೌಟು ಶುರುವಾದದ್ದು ನಿಂಗವ್ವನ ಗೊಣಗಾಟದಿಂದ. ಸಂತೆಯಿಂದ ತಂದ ಕಟ್ಟಿಗೆಯ ಸೌಟು ಒಂದೇ ತಿಂಗಳಲ್ಲಿ ಮುರಿದಿತ್ತು. ಕಲ್ಲಯ್ಯನವರು ಹಲಸಿನದೊಂದನ್ನು ಕೆತ್ತಿ, ಕಾರ್ಖಾನೆಯ ರೂಢಿಯಂತೆ ಅರಗಿನ ವಾರ್ನಿಶ್ ಹೊಡೆದು ಕೊಟ್ಟರು. ಎಂಟು ದಿನಕ್ಕೆ ವಾರ್ನಿಶ್ ಹೊಟ್ಟು ಎದ್ದು ಬೇಳೆಯಲ್ಲಿ ತೇಲಿತು. ಎರಡನೆಯದಕ್ಕೆ ಶೇಂಗಾ ಎಣ್ಣೆ ಉಜ್ಜಿದರು. ಅದು ತಿಂಗಳು ಕಳೆಯುವಷ್ಟರಲ್ಲಿ ಜಿಗುಟಾಯಿತು.

“ಏನ್ರೀ ಇದು, ಹಳೇ ಚಕ್ಕಲಿ ಡಬ್ಬಿ ತಗದಂಗ ನಾರತೈತಿ,” ಎಂದಳು ನಿಂಗವ್ವ. “ಮೂವತ್ತೊಂಬತ್ತು ವರ್ಷ ಕಬ್ಬಣದ ಪಂಪ್ ಮಾಡಿದವರಿಗೆ ಒಂದು ಸೌಟು ಬರೂದಿಲ್ಲಂದ್ರ!”

ಆ ಮಾತಿನಿಂದಲೇ ತಂತಿಯ ಮೇಲೆ ಹದಿನಾಲ್ಕು ಪಟ್ಟಿಗಳು ತೂಗಿದ್ದು.

*

ಎಣ್ಣೆಗಳ ಪರೀಕ್ಷೆ ಚೈತ್ರದವರೆಗೆ ನಡೆಯಿತು. ಕಲ್ಲಯ್ಯನವರ ನಿಯಮ ಸರಳ. ಪಟ್ಟಿಗೆ ಎಣ್ಣೆ ಹಚ್ಚಿ, ಕಾಲು ತಾಸು ಕುಡಿಯಲು ಬಿಟ್ಟು, ಮಿಕ್ಕಿದ್ದನ್ನು ಹಳೆಯ ಧೋತರದ ಚೂರಿನಿಂದ ಒರೆಸಿ ಬಿಸಿಲಿಗೆ ತೂಗುಹಾಕುವುದು. ವಾರಕ್ಕೊಮ್ಮೆ ಬಿಳಿ ಬಟ್ಟೆಯಿಂದ ಉಜ್ಜುವುದು. ಬಟ್ಟೆಗೆ ಕಲೆ ತಾಗಿದರೆ ಎಣ್ಣೆ ಒಣಗಿಲ್ಲ. ಮೂಸಿ ನೋಡುವುದು. ಕೊನೆಗೆ ಬಿಸಿ ಸಾರಿನಲ್ಲಿ ಅರ್ಧ ತಾಸು ಅದ್ದಿ ತೆಗೆದು, ಬಣ್ಣ ಎಷ್ಟು ಹಿಡಿಯಿತೆಂದು ನೋಡುವುದು.

ಶೇಂಗಾ ಎಣ್ಣೆ ಮೊದಲೇ ಸೋತಿತ್ತು. ಕೊಬ್ಬರಿ ಎಣ್ಣೆ ಒಣಗಲೇ ಇಲ್ಲ. ಔಡಲದ ಹರಳೆಣ್ಣೆಯ ಪಟ್ಟಿ ಅಂಟಂಟಾಗಿ ನೊಣ ಹಿಡಿಯಿತು. “ಆ ಸೌಟಿನಾಗ ಉಂಡವರು ನಾಕು ಸಲ ಹಿತ್ತಲಕ್ಕ ಹೋಗಬೇಕಾಕ್ಕಿತ್ತು,” ಎಂದು ನಿಂಗವ್ವ ಅದನ್ನು ತಾನೇ ಕಿತ್ತು ಒಲೆಗೆ ಹಾಕಿದಳು. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ ಬಣ್ಣವಿಲ್ಲದ ಎಣ್ಣೆ ಕೆಡಲಿಲ್ಲ, ನಾರಲಿಲ್ಲ. ಆದರೆ ಎರಡು ಸಲ ತೊಳೆದರೆ ಹಚ್ಚಿದ್ದೇ ಸುಳ್ಳೆಂಬಂತೆ ಹೋಗಿಬಿಟ್ಟಿತು. ಹಾರ್ಡ್‌ವೇರ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆ ಒಂದೇ ದಿನಕ್ಕೆ ಗಾಜಿನಂತೆ ಒಣಗಿತು. ಆದರೆ ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸುತ್ತಾರೆಂದು ಕಲ್ಲಯ್ಯನವರಿಗೆ ಕಾರ್ಖಾನೆಯ ದಿನಗಳಿಂದಲೂ ಗೊತ್ತಿತ್ತು. ಬಾಗಿಲಿಗೆ ಹಚ್ಚಬಹುದು, ಬಾಯಿಗೆ ಹೋಗುವುದಕ್ಕಲ್ಲ. ಗಾಣದ ಹಸಿ ಅಗಸೆ ಎಣ್ಣೆ ಒಳ್ಳೆಯದೇ; ಆದರೆ ಅದರ ವಾಸನೆ ಬಿಸಿ ಅನ್ನಕ್ಕೆ ಅಂಟಿತು.

ಉಳಿದದ್ದು ಕುಸುಬಿ. ಇಲ್ಲಿಯೂ ಒಂದು ತೊಡಕು ಬಂತು. ಪಾಕೀಟಿನ ಕುಸುಬಿ ಎಣ್ಣೆ ಹಚ್ಚಿದ ಪಟ್ಟಿ ಮೂರು ವಾರವಾದರೂ ಬಟ್ಟೆಗೆ ಕಲೆ ಮಾಡುತ್ತಿತ್ತು. ಕಲ್ಲಯ್ಯನವರು ಬೆಳಗಾವಿಯಲ್ಲಿ ಗಾಣ ನಡೆಸುವ ಶಶಿಧರನನ್ನು ಕೇಳಲು ಹೋದರು.

“ಕಾಕಾ, ಪಾಕೀಟಿನ ಎಣ್ಣಿ ಲಗೂನ ಕೆಡಬಾರದಂತ ಅದರಾಗ ಏನರ ಹಾಕಿರ್ತಾರ,” ಎಂದ ಶಶಿಧರ. “ಅದು ಕೆಡೂದೂ ಇಲ್ಲ, ಒಣಗೂದೂ ಇಲ್ಲ. ನನ್ನ ಗಾಣದ್ದು ಒಯ್ರಿ. ಇದನ್ನ ಡಬ್ಬಿ ಅಂಚಿಗೆ ಬಿಟ್ರ ತಿಂಗಳೊಪ್ಪತ್ತಿನಾಗ ತೊಗಲಿನಂಗ ಆಕ್ಕೈತಿ. ನನ್ನ ಹೆಂಡತಿ ದಿನಾ ಬೈತಾಳ, ಡಬ್ಬಿ ತಿಕ್ಕಿ ತಿಕ್ಕಿ.”

ಹೆಂಡತಿಯ ಆ ಬೈಗುಳವೇ ಕಲ್ಲಯ್ಯನವರಿಗೆ ಬೇಕಾದ ಪ್ರಮಾಣವಾಗಿತ್ತು. ಗಾಣದ ಕುಸುಬಿ ಎಣ್ಣೆಯ ಪಟ್ಟಿ ಹದಿನೆಂಟನೆಯ ದಿನ ಬಟ್ಟೆಗೆ ಕಲೆ ಮಾಡಲಿಲ್ಲ. ವಾಸನೆಯಿಲ್ಲ, ಕಹಿಯಿಲ್ಲ, ಬಿಸಿ ಸಾರಿನಿಂದ ಎದ್ದರೂ ಮೈಬಣ್ಣ ಮಾಸಲಿಲ್ಲ. ಅಂದು ಡೈರಿಯಲ್ಲಿ ಆ ಪಟ್ಟಿಯ ಅಂಕಿಗೆ ಎರಡು ಗೆರೆ ಎಳೆದರು.

ಹಲಸಿನ ಕಟ್ಟಿಗೆ ಹಳದಿ ಬಿಡುತ್ತದೆ. ಆದುದರಿಂದ ಒರಟಾಗಿ ಕೆತ್ತಿದ ಸೌಟುಗಳನ್ನು ಎರಡು ಸಲ ಕುದಿಸಿ, ನೀರು ತಿಳಿಯಾದ ಮೇಲೆ ನೆರಳಿನಲ್ಲಿ ಆರಿಸಿದರು. ಬಳಿಕ ಕತ್ತಿಯಿಂದ ಸವರಿ ನಯಮಾಡಿದರು. ವೈಶಾಖದ ಬಿಸಿಲಿನಲ್ಲಿ ಮೂರು ಸಲ ಎಣ್ಣೆ ಕುಡಿಸಿ, ಒಂದೊಂದಕ್ಕೂ ವಾರದ ಮೇಲೆ ಬಿಸಿಲು ಕೊಟ್ಟರು. ಹತ್ತು ಸೌಟುಗಳು ಸಿದ್ಧವಾದವು. ಒಂದರ ಹಿಡಿ ಕೂದಲೆಳೆಯಷ್ಟು ಗಿಡ್ಡವಾಗಿತ್ತು. ಅದನ್ನು ನಿಂಗವ್ವನಿಗೆ ಕೊಟ್ಟು, ಒಂಬತ್ತನ್ನು ಮಳೆ ಹಿಡಿಯುವ ಮೊದಲೇ ಬೆಳಗಾವಿಗೆ ಮುಟ್ಟಿಸಿ ಬಂದರು. ತಾರಾಬಾಯಿಯವರು ಅವುಗಳನ್ನು ಶುಭ್ರವಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ಚೌಕಾದ ಪಾತ್ರೆಗಳ ಜೊತೆ ಎತ್ತಿಟ್ಟರು.

*

ಆಷಾಢ ಬಂತು. ಖಾನಾಪುರದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ; ಮಲಪ್ರಭೆ ಕೆಂಪಾಗಿ ಹರಿಯುತ್ತಿದ್ದಳು. ಗುರುವಾರ ಬಾಪುಸಾಹೇಬರ ಫೋನ್ ಬಂದಿತ್ತು: “ರವಿವಾರ ನಮ್ಮಲ್ಲಿ ಮಹಾರಾಜರ ಮೊದಲನೇ ಆಹಾರ. ಬಂದು ನೋಡಿ ಹೋಗ್ರಿ ಅಯ್ಯನವರ. ನಿಮ್ಮ ಸೌಟಿನ ಪುಣ್ಯ ನಿಮಗೂ ಒಂದೀಟು ಬರಲಿ.”

ಶನಿವಾರ ಬೆಳಿಗ್ಗೆ ನಿಂಗವ್ವ ಝುಣಕ ತಿರುವುತ್ತಿದ್ದಳು. ಕಡಲೆಹಿಟ್ಟು ಕುದಿದು ಪುಟಪುಟನೆ ಸಿಡಿಯುತ್ತಿತ್ತು. ಸೌಟನ್ನು ಒರೆಸಿ ಬೆಳಕಿಗೆ ಹಿಡಿದವಳು ಕೂಗಿದಳು:

“ಕೇಳ್ರಿಲ್ಲಿ. ನಿಮ್ಮ ಸೌಟಿಗೆ ತೂತು ಬಿದ್ದೈತಿ.”

“ಯಾರ ಸೌಟಿಗೆ?”

“ಮತ್ತ್ಯಾರದು, ನಿಮ್ಮ ಮೂಗ ಸವದ ಸೌಟಿಗೆ. ನೋಡ್ರಿಲ್ಲಿ, ಸಾಸಿವಿ ಹೋಗಿ ಕುಂತಾವು.”

ಕಲ್ಲಯ್ಯನವರು ಸೌಟನ್ನು ಕಿಟಕಿಯ ಬಳಿ ಒಯ್ದರು. ಬಟ್ಟಲಿನ ಒಳಮೈಯಲ್ಲಿ, ಹಿಡಿ ಕೂಡುವ ಕಡೆ, ಒಂದು ದುಂಡನೆಯ ರಂಧ್ರ. ಹುಳ ಕೊರೆದದ್ದಲ್ಲ, ಈಗ ಬಿದ್ದದ್ದೂ ಅಲ್ಲ. ಕಟ್ಟಿಗೆಯ ಹುಟ್ಟಿನಿಂದಲೇ ಇದ್ದದ್ದು. ಹಾಗಿದ್ದರೆ ತಮ್ಮ ಕಣ್ಣಿಗೆ ಬೀಳದೆ ಇಂಥ ರಂಧ್ರ ದಾಟಿ ಹೋದದ್ದು ಹೇಗೆ? ತಮ್ಮ ಕೈ ತೂತನ್ನು ಬಿಟ್ಟು ಮುಂದೆ ಹೋಗುವ ಕೈಯಲ್ಲ.

ಆ ಕೊನೆಯ ವಿಚಾರ ಬಂದೊಡನೆ ಅವರು ಕಟ್ಟೆಗೆ ಹೋಗಿ, ಮಣೆಯ ಎಡಬದಿಯ ಡಬ್ಬಿಯನ್ನು ತೆರೆದರು. ಮೇಣದ ಉಂಡೆಯ ಮೇಲೆ ಹೆಬ್ಬೆರಳಿನ ಹೊಸ ಗುರುತುಗಳಿದ್ದವು. ನಾಲ್ಕೋ ಐದೋ. ಹಲಸಿನ ನವಿರಾದ ಹಳದಿ ಪುಡಿ ಅವುಗಳಿಗೆ ಅಂಟಿಕೊಂಡಿತ್ತು.

ಎಣ್ಣೆಯ ವಿಷಯದಲ್ಲಿ ನಾಲ್ಕು ತಿಂಗಳು ಅಷ್ಟು ಎಚ್ಚರವಹಿಸಿದ ಮನುಷ್ಯ, ಎಣ್ಣೆಗೆ ಮೊದಲೇ, ನಯಮಾಡುವ ಹೊತ್ತಿನಲ್ಲಿ, ಮೇಣ ಒತ್ತಿಬಿಟ್ಟಿದ್ದರು. ಒತ್ತಿದ್ದು ಅವರ ನೆನಪಿನಲ್ಲಿರಲಿಲ್ಲ. ಪಟ್ಟಿಗಳಲ್ಲಿ ರಂಧ್ರವಿರಲಿಲ್ಲ, ಹಾಗಾಗಿ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ಇಷ್ಟು ದಿನ ಮೇಲಿನ ಎಣ್ಣೆಯ ಪದರ ತಡೆದಿದ್ದ ಮೇಣ ಈಗ ಬಿಸಿಗೆ ಕರಗಿ ಝುಣಕದಲ್ಲಿ ಸೇರಿ, ರಂಧ್ರ ಬಾಯಿಬಿಟ್ಟಿತ್ತು. ಬೆಳಗಾವಿಯ ಒಂಬತ್ತರಲ್ಲಿ ಎಷ್ಟರೊಳಗೆ ಮೇಣವಿದೆಯೋ ಅವರಿಗೇ ತಿಳಿಯದು. ನಾಳೆ ಆ ಸೌಟುಗಳು ಮುನಿಗಳ ಆಹಾರದಲ್ಲಿ ಆಡುವುವು.

ಡಬ್ಬಿ ಹಿಡಿದು ಒಳಗೆ ಬಂದವರನ್ನು ನಿಂಗವ್ವ ವಿಚಾರಿಸಿದಳು. ಹೇಳಿದರು.

“ಸಾಸಿವಿ ಕಾಳಿನಷ್ಟು ಮೇಣ,” ಎಂದು ಕೊನೆಗೆ ತಾವೇ ಸೇರಿಸಿದರು. “ನೋಡಿದ್ರ ಕಾಣೂದಿಲ್ಲ. ರುಚಿ ಇಲ್ಲ. ಈ ಮಳ್ಯಾಗ ಹೊಸಾವು ಮಾಡಾಕ ಬಿಸಲಿಲ್ಲ. ಹೇಳಿದ್ರ ಅವರ ಮನಿ ಕಾರ್ಯ ಕೆಡತೈತಿ.”

ನಿಂಗವ್ವ ಝುಣಕದ ಪಾತ್ರೆಯನ್ನು ಇಳಿಸಿದಳು. “ನಮ್ಮ ಲಿಂಗಪೂಜಾದ ಬಟ್ಟಲಕ್ಕ ಯಾರರ ಏನರ ಹಚ್ಚಿ, ಅದು ಕಾಣೂದಿಲ್ಲಂತ ಬಾಯಿ ಮುಚ್ಕೊಂಡ ಕುಂತ್ರ ನಿಮಗ ನಡೀತೈತೇನ್ರೀ?”

ಕಲ್ಲಯ್ಯನವರು ಫೋನ್ ತೆಗೆದು, ಒಂದು ಗಳಿಗೆ ಹಿಡಿದು, ಮತ್ತೆ ಇಟ್ಟರು. ಊಟ ಮುಗಿಸಿ ಎದ್ದು, ಕತ್ತಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಮೂಲೆಯ ಬುಟ್ಟಿಯಲ್ಲಿ ಐದು ಸೌಟುಗಳಿದ್ದವು. ಕೆತ್ತಿ ಕುದಿಸಿ ಆರಿಸಿದ್ದೇನೋ ಆಗಿತ್ತು, ನಯಮಾಡುವ ಮುನ್ನ ಮಳೆ ಬಂದು ಹಾಗೆಯೇ ಉಳಿದಿದ್ದವು. ಅವನ್ನೂ ಚೀಲಕ್ಕೆ ಸೇರಿಸಿದರು. ಮೇಣದ ಡಬ್ಬಿಯನ್ನು ನಿಂಗವ್ವನ ಕೈಗೆ ಕೊಟ್ಟು, “ಇದನ್ನ ನನಗ ಸಿಗದಂಗ ಇಡು,” ಎಂದು ಹೇಳಿ ಬಸ್ ಹಿಡಿದರು.

*

ರವಿವಾರ ಪೇಟೆಯ ಮನೆಯ ಅಂಗಳವನ್ನು ತೊಳೆದು ರಂಗೋಲಿ ಹಾಕಿದ್ದರು. ಬಾಪುಸಾಹೇಬರು ಬಾಗಿಲಲ್ಲೇ ಎದುರಾದರು.

“ಅರೇ ಅಯ್ಯನವರ! ರವಿವಾರ ಅಂದ್ರ ಶನಿವಾರನ ಬಂದ್ರಿ? ಪುಣ್ಯಕ್ಕ ಇಷ್ಟು ಗಡಿಬಿಡಿ ಏನ್ರೀ?”

“ಸಾವಕಾರ, ಅಕ್ಕಾರನ್ನ ಕರೀರಿ. ಒಂದು ತಪ್ಪಾಗೈತಿ.”

ತಾರಾಬಾಯಿಯವರು ಬಂದು ನಿಂತರು. ಅವರ ಹಿಂದೆ ಸೊಸೆ ಸ್ನೇಹಲ. ಕಲ್ಲಯ್ಯನವರು ನಿಂತೇ ಎಲ್ಲವನ್ನೂ ಹೇಳಿದರು. ಕಾರ್ಖಾನೆ, ತಮ್ಮಣ್ಣ ಮಿಸ್ತ್ರಿ, ಎಡಗೈ, ಝುಣಕ, ಯಾವುದನ್ನೂ ಬಿಡಲಿಲ್ಲ. ತಾರಾಬಾಯಿಯವರ ಮುಖದಿಂದ ನಗೆ ಮಾಯವಾಯಿತು.

“ಒಂಬತ್ತರಾಗ ಯಾವ್ಯಾವ್ರೀ?”

“ಗೊತ್ತಿಲ್ರೀ. ಗೊತ್ತಿದ್ರ ಅಷ್ಟ ತೆಗೀರಿ ಅಂತಿದ್ದೆ.”

“ಹೇಳದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲಲ್ರೀ,” ಎಂದರು ಬಾಪುಸಾಹೇಬರು, ದೂರುವ ದನಿಯಲ್ಲಿ ಅಲ್ಲ, ಬೆರಗಿನಲ್ಲಿ.

“ನಿಂಗವ್ವಗ ಗೊತ್ತಾಗಿತ್ರೀ ಸಾವಕಾರ.”

ಬಾಪುಸಾಹೇಬರಿಗೆ ನಗೆ ತಡೆಯಲಾಗಲಿಲ್ಲ. ತಾರಾಬಾಯಿಯವರು ಮಾತ್ರ ನಗಲಿಲ್ಲ. ಒಳಗೆ ಹೋಗಿ ಬಿಳಿ ಬಟ್ಟೆಯ ಗಂಟನ್ನು ಬಿಚ್ಚದೆಯೇ ತಂದು ಕಲ್ಲಯ್ಯನವರ ಮುಂದಿಟ್ಟರು. ಅವರಿಗೆ ಮಾಘದಿಂದಲೂ ಆ ಒಂದು ದಿನದ ಹಂಬಲವಿತ್ತು. ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

“ನಿಮ್ಮ ಮಾತಿನ ಮ್ಯಾಲ ಇಟ್ಕೊಂಡಿದ್ದೆ ಅಯ್ಯನವರ.”

“ಹೌದ್ರೀ.”

“ಅತ್ತಿ, ಸ್ಟೀಲಿನ ಸೌಟು ತೊಳದು ಇಡ್ಲೇನ್ರೀ?” ಎಂದಳು ಸ್ನೇಹಲ.

“ಕಲಾಯಿ ಕೆರದು ಮಹಾರಾಜರ ಕೈಯಾಗ ಹಾಕೂಣೇನು?” ಎಂದು ಅತ್ತೆ ಸೊಸೆಯತ್ತ ತಿರುಗಿದರು. ತಿರುಗಿದಾಗ ಚೀಲದಿಂದ ಇಣುಕುತ್ತಿದ್ದ ಹಿಡಿಗಳು ಕಂಡವು. “ಅವೇನ್ರೀ?”

“ಅರ್ಧ ಆಗಿದ್ದುವು. ಇವಕ್ಕ ಮೇಣ ಮುಟ್ಟಿಲ್ಲ, ಅದು ಖರೇ. ಮೇಣ ಬರೂದು ನಯಾ ಮಾಡೂ ಮುಂದ. ಆದ್ರ ಎಣ್ಣೀನೂ ಇಲ್ಲ. ಈಗ ಹಚ್ಚಿದ್ರ ಈ ಮಳ್ಯಾಗ ಗೌರಿ ಹಬ್ಬಕ್ಕೂ ಒಣಗೂದಿಲ್ಲ.”

ತಾರಾಬಾಯಿಯವರು ಒಂದನ್ನು ಎತ್ತಿ ನೋಡಿದರು. “ಎಣ್ಣಿ ಇಲ್ಲಂದ್ರ ಏನಾಗ್ತದ?”

“ಅವತ್ತ ಹೇಳಿದ್ನೆಲ್ರೀ. ಸಾರು ಕುಡೀತಾವು, ಅರಿಶಿಣ ಹಿಡೀತಾವು, ಆರು ತಿಂಗಳಿಗೆ ಸೀಳತಾವು.”

“ಚಾತುರ್ಮಾಸ ನಾಕ ತಿಂಗಳದ್ದು,” ಎಂದರು ತಾರಾಬಾಯಿಯವರು.

ನಾಲ್ಕು ತಿಂಗಳು ಹದಿನಾಲ್ಕು ಪಟ್ಟಿಗಳನ್ನು ಮೂಸಿ ನೋಡಿದವರಿಗೆ ಈ ಲೆಕ್ಕ ಹೊಳೆದಿರಲಿಲ್ಲ.

“ಇಲ್ಲೇ ಕುಂತು ನಯಾ ಮಾಡ್ರಿ. ನಾ ಎದರ ಕುಂದರ್ತೇನಿ. ನಿಮ್ಮ ಎಡಗೈ ಏನ ಮಾಡ್ತದ ನೋಡ್ತೇನಿ.”

ಹಿಂದಿನ ಪಡಸಾಲೆಯಲ್ಲಿ ಕಲ್ಲಯ್ಯನವರು ಕೈಕಾಲು ತೊಳೆದು ಬಂದು ಕುಳಿತರು. ಎದುರಿಗೆ ಮಣೆಯ ಮೇಲೆ ತಾರಾಬಾಯಿಯವರು, ತೊಡೆಯ ಮೇಲೆ ಮೊರ. ಹೆಸರುಕಾಳು ಹಸನುಮಾಡುತ್ತ ಕೂತರು. ಆದರೆ ದೃಷ್ಟಿ ಮೊರದ ಮೇಲಿದ್ದದ್ದು ಕಡಿಮೆ. ಕತ್ತಿ ಸರ್ರೆಂದು ಹೋಗುವ ಸಪ್ಪಳ, ಮೊರದಲ್ಲಿ ಕಾಳು ಜಾರುವ ಸಪ್ಪಳ, ಹೊರಗೆ ಜಿಟಿಜಿಟಿ ಮಳೆ.

ಒಂದು ಸೌಟು ಮುಗಿಯಿತು, ಎರಡು ಮುಗಿದವು. ಮೂರನೆಯದರ ಬಟ್ಟಲನ್ನು ಸವರುತ್ತಿದ್ದಾಗ ಎಡಗೈ ಹೆಬ್ಬೆರಳು ಥಟ್ಟನೆ ಒಂದು ಕಡೆ ನಿಂತಿತು. ಬದಿಯ ನೆಲವನ್ನು ಒಮ್ಮೆ ತಡಕಾಡಿ ಬಂದು, ಬರಿದಾಗಿಯೇ ಆ ಜಾಗವನ್ನು ಒತ್ತಿ ತಿಕ್ಕಿತು.

“ಅಯ್ಯ, ಹೋತ್ ನೋಡ್ರಿ ಕೈ!” ಎಂದರು ತಾರಾಬಾಯಿಯವರು. ಮೊರ ಜಾರಿ ನಾಲ್ಕು ಕಾಳು ಚೆಲ್ಲಿದವು.

ಕಲ್ಲಯ್ಯನವರು ತಮ್ಮ ಹೆಬ್ಬೆರಳನ್ನು ಇನ್ನೊಬ್ಬರದೇನೋ ಎಂಬಂತೆ ನೋಡಿದರು. ಅಷ್ಟು ವರ್ಷ ಅದು ಮಾಡುತ್ತಿದ್ದದ್ದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. ಬೆರಳು ತೆಗೆದಾಗ ಅಲ್ಲಿ ಸೂಜಿಮೊನೆಯಷ್ಟು ರಂಧ್ರವಿತ್ತು. ಆ ಸೌಟನ್ನು ಬದಿಗಿಟ್ಟರು.

“ಸುಳ್ಳು ಹೇಳಿದವರ ಕೈ ಹಿಂಗ ಹೋಗೂದಿಲ್ರೀ,” ಎಂದು ತಾರಾಬಾಯಿಯವರು ಚೆಲ್ಲಿದ ಕಾಳನ್ನು ಆಯ್ದುಕೊಂಡರು. ಅವರ ಸಿಟ್ಟು ಇಳಿದದ್ದು ಆಗ. ಸ್ವಲ್ಪ ಹೊತ್ತಿನ ಮೇಲೆ, “ಉಳದ ಎರಡರ ಮ್ಯಾಲೂ ಕಣ್ಣಿಡ್ತೇನಿ ಮತ್ತ,” ಎಂದರು.

ಐದರಲ್ಲಿ ನಾಲ್ಕು ಸೌಟುಗಳು ಉಳಿದವು. ಏನನ್ನೂ ಹಚ್ಚದ ಬರೀ ಕಟ್ಟಿಗೆ. ತಾರಾಬಾಯಿಯವರೇ ಅವನ್ನು ಬಿಸಿನೀರಿನಲ್ಲಿ ತೊಳೆದು ಚೌಕಾಕ್ಕೆ ಒಯ್ದರು. ಕಲ್ಲಯ್ಯನವರು ಒಂಬತ್ತರ ಗಂಟನ್ನು ಎತ್ತಿಕೊಂಡು ಬೆಳಕಿರುವಾಗಲೇ ಊರಿಗೆ ಹೊರಟರು. ನಾಳೆ ಬನ್ನಿರೆಂದು ಬಾಪುಸಾಹೇಬರು ಒತ್ತಾಯಿಸಿದರೂ ಒಪ್ಪಲಿಲ್ಲ.

ರವಿವಾರ ಹನ್ನೊಂದೂವರೆಗೆ ಫೋನ್ ಬಂತು. ಬಾಪುಸಾಹೇಬರು ಒಂದೇ ಮಾತು ಹೇಳಿದರು: “ಆಹಾರ ನಿರಂತರಾಯ ಆತ್ರೀ ಅಯ್ಯನವರ.” ಅಡ್ಡಿಯಿಲ್ಲದೆ ನೆರವೇರಿತೆಂದು ಅರ್ಥ. ಆ ಹೊತ್ತಿಗೆ ನಿಂಗವ್ವ ಹಿತ್ತಲ ಒಲೆಯ ಮೇಲೆ ಹಂಡೆಯಲ್ಲಿ ಒಂಬತ್ತೂ ಸೌಟುಗಳನ್ನು ಕುದಿಸುತ್ತಿದ್ದಳು. ಎರಡರಲ್ಲಿ ರಂಧ್ರಗಳು ಬಾಯಿಬಿಟ್ಟವು. ನೀರಿನ ಮೇಲೆ ಸಣ್ಣ ಹಳದಿ ಕಣ್ಣುಗಳಂತೆ ಮೇಣ ತೇಲಿತು. ಉಳಿದ ಏಳು ನಿರ್ದೋಷವಾಗಿದ್ದವು.

*

ಚಾತುರ್ಮಾಸ ಮುಗಿದ ಮೇಲೆ ತಾರಾಬಾಯಿಯವರು ಆ ನಾಲ್ಕು ಸೌಟುಗಳನ್ನು ಕಳುಹಿಸಿಕೊಟ್ಟು ಫೋನ್ ಮಾಡಿದರು. “ನೀವು ಹೇಳಿದ್ದ ಖರೇ ಆತ್ರೀ. ಅರಿಶಿಣ ಕುಡದು ಕುಡದು ಗಜನಿಂಬಿ ಬಣ್ಣ ಆಗ್ಯಾವು. ಒಂದು ಸೀಳೇದ. ಬರೂ ವರ್ಷ ಎಣ್ಣಿ ಹಚ್ಚಿದ್ದ ಕೊಡ್ರಿ.”

“ಬಂದು ಎದರ ಕುಂದರೂದಿಲ್ಲೇನ್ರೀ ಅಕ್ಕಾರ?”

“ಬೆರಳಿಗೆ ಏನೋ ಕಟ್ಕೊಂಡ ಕೆಲಸಾ ಮಾಡ್ತೀರಂತಲ್ಲ, ನಿಂಗವ್ವ ಹೇಳಿದ್ಲು. ಅಷ್ಟ ಸಾಕು.”

ಅದು ನಿಜ. ಈಗ ಎಪ್ಪತ್ತರ ಅಂಚಿನಲ್ಲಿರುವ ಕಲ್ಲಯ್ಯನವರು ಕೆಲಸಕ್ಕೆ ಕುಳಿತಾಗ ಎಡಗೈ ಹೆಬ್ಬೆರಳಿಗೆ ಧೋತರದ ಒಂದು ಚೂರನ್ನು ಸುತ್ತಿ ಕಟ್ಟಿಕೊಳ್ಳುತ್ತಾರೆ. ಬಟ್ಟೆ ಕಟ್ಟಿದ ಬೆರಳಿಗೆ ರಂಧ್ರ ತಿಳಿಯುವುದಿಲ್ಲ. ಆದುದರಿಂದ ಪ್ರತಿ ಸೌಟನ್ನೂ ಕಣ್ಣಿನಿಂದ, ಭೂತಗನ್ನಡಿ ಹಿಡಿದು ನೋಡಬೇಕಾಗುತ್ತದೆ. ಕೆಲಸ ನಿಧಾನವಾಗಿದೆ. ರಂಧ್ರವಿದ್ದದ್ದು ಸೌದೆಗೆ ಹೋಗುತ್ತದೆ. ಮೇಣದ ಉಂಡೆ ನಿಂಗವ್ವ ಕೌದಿ ಹೊಲಿಯುವ ಬುಟ್ಟಿಯಲ್ಲಿದೆ. ದಾರ ಗಟ್ಟಿಯಾಗಲೆಂದು ಅವಳು ಅದನ್ನು ಮೇಣಕ್ಕೆ ತಿಕ್ಕುತ್ತಾಳೆ, ಬುಟ್ಟಿಯನ್ನು ಮಾತ್ರ ಕಟ್ಟೆಗೆ ತರುವುದಿಲ್ಲ.

ಈ ವೈಶಾಖದಲ್ಲಿ ಶಶಿಧರನ ಗಾಣದಿಂದ ಹೊಸ ಕುಸುಬಿ ಎಣ್ಣೆ ಬಂದಿದೆ. ತಂತಿಯ ಮೇಲೆ ಒಂಬತ್ತು ಸೌಟುಗಳು ಎರಡನೆಯ ಸಲದ ಎಣ್ಣೆ ಕುಡಿದು ಬಿಸಿಲಿಗೆ ತೂಗುತ್ತಿವೆ. ಹಾದಿಯಲ್ಲಿ ಹೋಗುವವರು ಕಟ್ಟಿದ ಬೆರಳನ್ನು ಕಂಡು, “ಏನ ಕೊಯ್ಕೊಂಡ್ರಿ ಅಯ್ಯನವರ?” ಎಂದು ಕೇಳುತ್ತಾರೆ. “ಏನೂ ಕೊಯ್ದಿಲ್ರೀ, ಅದಕ್ಕೊಂದು ಚಟ ಐತಿ,” ಎಂದು ಹೇಳಿ, ಅವರು ಬಿಳಿ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮೊದಲನೆಯ ಸೌಟಿನ ಮೈಯನ್ನು ಉಜ್ಜಿ ನೋಡುತ್ತಾರೆ.